ಸ್ಪೇನ್‌ನ ಹಳ್ಳಿ ದಾರಿಗೆ ‘ಪರ್ಮಿಟ್’ ಅಂತ ದುಡ್ಡು ಕೇಳಿದರೆ ದಯವಿಟ್ಟು ಕೊಡಬೇಡಿ

34,000 ರೂಪಾಯಿ. ನಾಲ್ಕು ಜನಕ್ಕೆ, ತಲೆಗೆ 8,500. ಯಾರು ಬೇಕಾದರೂ ಬಿಟ್ಟಿಯಾಗಿ ನಡೆಯಬಹುದಾದ ದಾರಿಗೆ ಇಷ್ಟು ಕೊಟ್ಟು ಬಂದಿದ್ದೇವೆ. ನಾಚಿಕೆಯಾಗಿ ಇಷ್ಟು ದಿನ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಆದರೆ ನಮ್ಮಿಂದ ಆ ದುಡ್ಡು ತಗೊಂಡು ಟೂರ್ ಮಾಡಿಸಿದ ಮನುಷ್ಯನೇ ಏಪ್ರಿಲ್‌ಗೆ ಇನ್ನೊಂದು ಬ್ಯಾಚ್ ಅಂತ ಜಾಹೀರಾತು ಹಾಕಿದ್ದಾನೆ. ಅದಕ್ಕೇ ಬರೆಯುತ್ತಿದ್ದೇನೆ.

ಸಲಮಾಂಕಾ ಪ್ರಾಂತ್ಯದ ದಕ್ಷಿಣಕ್ಕೆ ಸಿಯೆರಾ ದೆ ಫ್ರಾನ್ಸಿಯಾ ಅಂತ ಬೆಟ್ಟಸಾಲು ಇದೆ. ಅಲ್ಲಿ ಮೊಗರಾಸ್, ಮೊನ್‌ಫೊರ್ತೆ ಅಂತ ಎರಡು ಹಳೇ ಊರು. ಒಂದರಿಂದ ಹೊರಟು ಇನ್ನೊಂದನ್ನು ಮುಟ್ಟಿ, ಬೇರೆ ಹಾದಿಯಲ್ಲಿ ಸುತ್ತಿಕೊಂಡು ಹೊರಟಲ್ಲಿಗೇ ಬರಬಹುದು. ಕಮಿನೊ ದೆಲ್ ಆಗ್ವಾ, ಅಂದರೆ ನೀರಿನ ದಾರಿ. ಸುಮಾರು 7 ಕಿ.ಮೀ. ಅಪ್ಪನಿಗೆ ಹಳೇ ಊರು ನೋಡುವ ಹುಚ್ಚು, ಅಮ್ಮನಿಗೆ ನಡೆಯೋದು ಇಷ್ಟ. ಅದಕ್ಕೇ ಇದನ್ನು ಆರಿಸಿದ್ದು.

ಈತ ಸಿಕ್ಕಿದ್ದು ವಾಟ್ಸಾಪ್ ಗ್ರೂಪಿನಲ್ಲಿ. ಯುರೋಪಿನಲ್ಲಿ ಇದ್ದೇನೆ ಅಂದ. ಕನ್ನಡದಲ್ಲೇ ಮಾತಾಡಿದ. ಪರದೇಶದಲ್ಲಿ ನಮ್ಮ ಭಾಷೆಯವರು ಸಿಕ್ಕಿದರೆ ಮನಸ್ಸು ಹೇಗೆ ಮೆತ್ತಗಾಗುತ್ತದೆ ಅಂತ ನಿಮಗೂ ಗೊತ್ತಲ್ವಾ? ಪ್ಯಾಕೇಜ್‌ನಲ್ಲಿ ಪರ್ಮಿಟ್, ವಿಶೇಷ ಮ್ಯಾಪ್, ಗೈಡ್, ಸಸ್ಯಾಹಾರಿ ಊಟ. ಪರ್ಮಿಟ್ ಒಂದಕ್ಕೇ ತಲೆಗೆ 1,500. ನನಗೆ ಅನುಮಾನವೇ ಬರಲಿಲ್ಲ. ನಮ್ಮ ಕುಮಾರ ಪರ್ವತ ಹತ್ತೋಕೂ ಅರಣ್ಯ ಇಲಾಖೆಯಲ್ಲಿ ಮೊದಲೇ ಬುಕ್ ಮಾಡಿ ದುಡ್ಡು ಕಟ್ಟಬೇಕು. ಅಲ್ಲೂ ಹಾಗೇ ಇರಬೇಕು ಅಂದುಕೊಂಡೆ. “ಕಾರ್ಡ್ ಬೇಡ ಸಾರ್, ಚಾರ್ಜ್ ಬೀಳುತ್ತೆ, ಯುಪಿಐ ಮಾಡ್ಬಿಡಿ” ಅಂದ. ಮಾಡಿಬಿಟ್ಟೆ.

ಅಕ್ಟೋಬರ್, ಬೆಳಿಗ್ಗೆ ಒಂಬತ್ತೂವರೆ. ಮೊಗರಾಸ್‌ನ ಚರ್ಚ್ ಮುಂದೆ ನಿಂತಿದ್ದೇವೆ. ಗೈಡ್ ಇಲ್ಲ.

ಮೊದಲ ಉತ್ತರ: “ಹತ್ತೇ ನಿಮಿಷ ಸಾರ್, ಬರ್ತಿದ್ದಾರೆ.” ಮುಕ್ಕಾಲು ಗಂಟೆ ಆಯಿತು. ಎರಡನೇ ಉತ್ತರ: “ಗೈಡ್‌ಗೆ ಜ್ವರ ಸಾರ್. ಮ್ಯಾಪ್ ಇದೆಯಲ್ಲ, ನೀವೇ ಹೊರಟುಬಿಡಿ. ಲಾಲ್‌ಬಾಗ್‌ನಲ್ಲಿ ವಾಕ್ ಮಾಡಿದ ಹಾಗೆ.”

ಸರಿ, ಮ್ಯಾಪ್ ತೆಗೆದೆವು. ದಾರಿ ಶುರುವಾಗುವ ಕಡೆ ಒಂದು ದೊಡ್ಡ ಬೋರ್ಡ್ ಇದೆ. ಅದರಲ್ಲಿ ನಕ್ಷೆ. ನನ್ನ ಹೆಂಡತಿ ಫೋನನ್ನು ಬೋರ್ಡ್ ಪಕ್ಕಕ್ಕೆ ಹಿಡಿದಳು. ಎರಡೂ ಒಂದೇ! ಬಲಗಡೆ ಮೂಲೆಯಲ್ಲಿ ತುಕ್ಕು ಹಿಡಿದ ಬೋಲ್ಟು, ಅದರ ಕೆಳಗೆ ಯಾರೋ ಮೊಳೆಯಿಂದ ಗೀಚಿದ ಗೆರೆ. ನಮ್ಮ ‘ವಿಶೇಷ ಮ್ಯಾಪ್’ನಲ್ಲೂ ಅದೇ ಬೋಲ್ಟು, ಅದೇ ಗೆರೆ. ಬೋರ್ಡಿನ ಫೋಟೋ ತೆಗೆದು ನಮಗೆ ಮಾರಿದ್ದ.

ನನಗೆ ಮುಖ ಎತ್ತೋಕಾಗಲಿಲ್ಲ. ಅಪ್ಪ ಮೆಲ್ಲಗೆ ಕೇಳಿದರು, “ಇದಕ್ಕೂ ದುಡ್ಡು ಕೊಟ್ಟಿದ್ದೇನೋ?” ಬೈದಿದ್ದರೂ ಪರವಾಗಿರಲಿಲ್ಲ.

ಅಲ್ಲೇ ಒಬ್ಬ ಅಜ್ಜ ಬುಟ್ಟಿಯಲ್ಲಿ ಚೆಸ್ಟ್‌ನಟ್ ಆರಿಸಿಕೊಂಡು ಬರುತ್ತಿದ್ದರು. ಫೋನಿನಲ್ಲಿ ಅನುವಾದ ಮಾಡಿ, ಈ ದಾರಿಗೆ ಪರ್ಮಿಟ್ ಬೇಕಾ ಅಂತ ತೋರಿಸಿದೆ. ಅವರು ಎರಡೆರಡು ಸಲ ಓದಿದರು. ಆಮೇಲೆ ಕೈಯನ್ನು ದಾರಿಯುದ್ದಕ್ಕೂ ಬೀಸಿ ಏನೋ ಅಂದರು. ಪರದೆ ಮೇಲೆ ಬಂದಿದ್ದು ಇಷ್ಟೇ: “ದಾರಿ ಎಲ್ಲರದು.”

ನಡೆದೆವು. ದಾರಿ ಚೆನ್ನಾಗಿಲ್ಲ ಅಂತ ಮಾತ್ರ ಹೇಳಲಾರೆ. ಹಳೇ ಕಲ್ಲುಹಾಸು, ಚೆಸ್ಟ್‌ನಟ್ ಮರಗಳು, ನೀರಿನ ಸದ್ದು, ಕಲಾವಿದರು ಅಲ್ಲಲ್ಲಿ ಇಟ್ಟಿರುವ ಶಿಲ್ಪಗಳು. ಮೊಗರಾಸ್‌ನ ಮನೆಗಳ ಗೋಡೆ ಮೇಲೆ ಊರವರದೇ ಮುಖಗಳಿವೆ. 1967ರಲ್ಲಿ ಗುರುತಿನ ಚೀಟಿಗೆ ತೆಗೆಸಿದ ಫೋಟೋಗಳನ್ನು ನೋಡಿ ಅದೇ ಊರಿನ ಕಲಾವಿದ ಫ್ಲೊರೆನ್ಸಿಯೊ ಮಾಯ್ಯೊ ಬರೆದದ್ದು. ಅಪ್ಪ ಒಂದೊಂದರ ಮುಂದೆಯೂ ನಿಂತರು.

ಆದರೆ ಲಾಲ್‌ಬಾಗ್ ಅಲ್ಲ ಅದು! ಹೊಳೆ ತನಕ ಇಳಿಯಬೇಕು, ಇಳಿದಷ್ಟೂ ಮತ್ತೆ ಹತ್ತಬೇಕು. ಒದ್ದೆ ಎಲೆ ಮೇಲೆ ಅಮ್ಮ ಜಾರಿದರು. ಮಂಡಿ ಊದಿಕೊಂಡಿತು. ಅರ್ಧ ಗಂಟೆ ಕಲ್ಲಿನ ಮೇಲೆ ಕೂರಿಸಿದೆವು. ಅಮ್ಮನ ಮಂಡಿ ವಿಷಯ ಅವನಿಗೆ ಮೊದಲೇ ಹೇಳಿದ್ದೆ. ಹೇಳಿದ್ದೆ! ಮೆಸೇಜ್ ಇನ್ನೂ ಇದೆ. ಕೋಪಕ್ಕಿಂತ ಜಾಸ್ತಿ ನನಗೆ ಸಂಕಟವಾಗಿದ್ದು ಅಲ್ಲಿ.

ಊಟದ್ದು ಇನ್ನೊಂದು. ಅವನು ಹೇಳಿದ್ದ ಹೋಟೆಲಿನಲ್ಲಿ ನಮ್ಮ ಹೆಸರೇ ಇಲ್ಲ, ಯಾರೂ ದುಡ್ಡು ಕಟ್ಟಿಲ್ಲ. ಫೋನ್ ಮಾಡಿದರೆ, “ಪತಾತಾಸ್ ಮೆನೆಯಾಸ್ ತಗೊಳ್ಳಿ ಸಾರ್, ಆಲೂಗಡ್ಡೆ ಅಷ್ಟೇ, ನಮ್ಮ ಪಲ್ಯದ ಥರ.” ತಟ್ಟೆ ಬಂತು. ಮೇಲೆ ಹುರಿದ ಹಂದಿ ಮಾಂಸದ ತುಂಡುಗಳು. ಆ ಕಡೆ ಆ ತಿಂಡಿ ಬರೋದೇ ಹಾಗೆ. ಅಮ್ಮ ಬ್ರೆಡ್ ತಿಂದು ನೀರು ಕುಡಿದರು.

ರಾತ್ರಿ ದುಡ್ಡು ವಾಪಸ್ ಕೇಳಿದೆ. ಪರ್ಮಿಟ್ ರಸೀದಿ ತೋರಿಸಿ ಅಂದೆ. “ಅದು ಸರ್ವೀಸ್ ಚಾರ್ಜ್ ಸಾರ್, ಹೆಸರು ಪರ್ಮಿಟ್ ಅಷ್ಟೇ.” ಗೈಡ್ ದುಡ್ಡು? “ಕೊನೇ ಗಳಿಗೆ ಕ್ಯಾನ್ಸಲ್‌ಗೆ ರೀಫಂಡ್ ಇಲ್ಲ ಸಾರ್.” ಕ್ಯಾನ್ಸಲ್ ಮಾಡಿದ್ದು ನಾನಾ? ಆಮೇಲೆ ಬಂದದ್ದು ಇದು: “ನಿಮ್ಮ ಸ್ಟೇಟಸ್ ನೋಡಿದೆ. ಅಪ್ಪ ಅಮ್ಮ ಎಷ್ಟು ಖುಷಿಯಾಗಿದ್ದಾರೆ. ವಾಕ್ ಆಯ್ತಲ್ಲ, ಮತ್ತೇನು?”

ಮತ್ತೇನು ಅಂತೆ!

ಹೋಗುವವರು ಕೇಳಿ. ಈ ದಾರಿಗೆ ಪರ್ಮಿಟ್ ಬೇಡ, ಟಿಕೆಟ್ ಬೇಡ. ಸ್ಪೇನ್‌ನಲ್ಲಿ ಸಣ್ಣ ದಾರಿಗಳಿಗೆ ಬಿಳಿ-ಹಳದಿ ಪಟ್ಟಿ, ಉದ್ದದ ದಾರಿಗಳಿಗೆ ಬಿಳಿ-ಕೆಂಪು ಪಟ್ಟಿ ಬಳಿದಿರುತ್ತಾರೆ. ಆ ಎರಡು ಪಟ್ಟಿಗಳನ್ನು ‘X’ ಥರ ಒಂದರ ಮೇಲೊಂದು ಬಳಿದಿದ್ದರೆ ಆ ಕಡೆ ಹೋಗಬಾರದು. ಏನಾದರೂ ಆದರೆ 112. ಅಲ್ಲಿನ ಅಂಗಡಿ, ಹೋಟೆಲ್ ಮೋಸ ಮಾಡಿದರೆ ‘ಓಹಾ ದೆ ರೆಕ್ಲಮಾಸಿಯೊನೆಸ್’ ಕೇಳಿ, ದೂರಿನ ಫಾರಂ ಅವರು ಕೊಡಲೇಬೇಕು. ಆದರೆ ನಮ್ಮವನಿಗೆ ಅಂಗಡಿಯೂ ಇಲ್ಲ, ವಿಳಾಸವೂ ಇಲ್ಲ, ಇರೋದು ಫೋನ್ ನಂಬರ್ ಒಂದೇ. ಅಂಥವರಿಗೆ ಯುಪಿಐ ಮಾಡಬೇಡಿ. ಕನ್ನಡ ಮಾತಾಡಿದರು ಅಂತ ಅಂತೂ ಮಾಡಲೇಬೇಡಿ.

ಏಪ್ರಿಲ್ ಜಾಹೀರಾತು ಅಂದೆನಲ್ಲ, ಅದರಲ್ಲಿ ಹಾಕಿರೋದು ನನ್ನ ಸ್ಟೇಟಸ್ ಫೋಟೋ. ಅಮ್ಮ ಕಲ್ಲಿನ ಮೇಲೆ ಮಂಡಿ ಹಿಡಿದು ಕೂತಿದ್ದಾರೆ, ನಾನು ಹೇಳಿದೆ ಅಂತ ನಗುತ್ತಿದ್ದಾರೆ. ಕೆಳಗೆ ‘ನಮ್ಮ ಸಂತೃಪ್ತ ಕುಟುಂಬ’ ಅಂತ ಬರೆದಿದ್ದಾನೆ. ತೆಗೆಯಿರಿ ಅಂತ ಮೂರು ಸಲ ಮೆಸೇಜ್ ಹಾಕಿದ್ದೇನೆ. ನೀಲಿ ಟಿಕ್ ಬಂದಿದೆ. ಫೋಟೋ ಇನ್ನೂ ಅಲ್ಲೇ ಇದೆ.