ಚೇಳು ಹುಡುಕುವ ನೇರಳಾತೀತ ಟಾರ್ಚ್: ಕೊಳ್ಳುವ ಮುನ್ನ ತಿಳಿಯಬೇಕಾದದ್ದು

ಚೇಳುಗಳ ಓಡಾಟವಿರುವ ಕಡೆ ವಾಸಿಸುವವರಿಗೆ ನೇರಳಾತೀತ ಟಾರ್ಚ್ ನಿಜಕ್ಕೂ ಉಪಯೋಗಕ್ಕೆ ಬರುವ ಸಾಧನ. ಆದರೆ ಮಾರುಕಟ್ಟೆಯಲ್ಲಿ ಆ ಹೆಸರಿನಲ್ಲಿ ಸಿಗುವುದೆಲ್ಲ ಒಂದೇ ಗುಣಮಟ್ಟದ್ದಲ್ಲ. ನಾನು 395 ನ್ಯಾನೊಮೀಟರ್ ತರಂಗಾಂತರದ ಒಂದು ಟಾರ್ಚನ್ನೂ, ಮುಂಭಾಗದಲ್ಲಿ ಕಪ್ಪು ಗಾಜಿನ ಶೋಧಕವಿರುವ 365 ನ್ಯಾನೊಮೀಟರ್‌ನ ಇನ್ನೊಂದನ್ನೂ ಬಳಸಿ ನೋಡಿದ್ದೇನೆ. ಕೊಳ್ಳುವುದಾದರೆ ಎರಡನೆಯದನ್ನೇ ಕೊಳ್ಳಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಚೇಳಿನ ಹೊರಕವಚದ ಮೇಲ್ಪದರದಲ್ಲಿ ಬೀಟಾ-ಕಾರ್ಬೋಲಿನ್‌ನಂತಹ ರಾಸಾಯನಿಕಗಳಿವೆ. ಅವು ನೇರಳಾತೀತ ಕಿರಣಗಳನ್ನು ಹೀರಿಕೊಂಡು ಹಸಿರು ಬೆರೆತ ನೀಲಿ ಬೆಳಕನ್ನು ಹೊರಸೂಸುತ್ತವೆ. 395ರ ಟಾರ್ಚ್ ತಾನೇ ಧಾರಾಳವಾಗಿ ನೇರಳೆ ಬೆಳಕು ಚೆಲ್ಲುವುದರಿಂದ, ಹತ್ತಿರದ ಚೇಳು ಕಂಡರೂ ತುಸು ದೂರದ್ದು ಆ ನೇರಳೆಯಲ್ಲೇ ಕರಗಿಹೋಗುತ್ತದೆ. 365ರದ್ದರಲ್ಲಿ ಸುತ್ತಲಿನ ನೆಲ ಕತ್ತಲಾಗಿಯೇ ಉಳಿದು ಚೇಳು ಮಾತ್ರ ಹೊಳೆಯುತ್ತದೆ; ಕಲ್ಲಿನ ಬಣ್ಣಕ್ಕೆ ಹೊಂದಿಕೊಂಡು ಕುಳಿತಿದ್ದ, ಸಾಮಾನ್ಯ ಟಾರ್ಚಿಗೆ ಕಾಣದ ಪ್ರಾಣಿಯ ಕೊಂಡಿಯ ಬಾಗು, ಬಾಲದ ಒಂದೊಂದು ಗೆಣ್ಣು ಸಹ ಗೆರೆ ಎಳೆದಂತೆ ಕಾಣಿಸುತ್ತವೆ. ಡಿಟರ್ಜೆಂಟಿನಲ್ಲಿ ಒಗೆದ ಬಿಳಿ ಬಟ್ಟೆ, ಕಾಗದದ ಚೂರುಗಳೂ ಹೊಳೆಯುವುದು ನಿಜ, ಆದರೆ ಅವುಗಳದ್ದು ನೀಲಿ ಬಿಳುಪು. ಸ್ವಲ್ಪ ಅಭ್ಯಾಸವಾದ ಮೇಲೆ ಗೊಂದಲ ಉಳಿಯುವುದಿಲ್ಲ. ಚೇಳು ಕಳಚಿಟ್ಟ ಪೊರೆಯೂ ಹೊಳೆಯುತ್ತದೆ, ಹಾಗಾಗಿ ಅಲುಗದೆ ಬಿದ್ದಿರುವುದೆಲ್ಲ ಜೀವಂತ ಚೇಳೇ ಆಗಿರಬೇಕೆಂದಿಲ್ಲ. ಹಾಗೆಂದು ಮುಟ್ಟಿ ಪರೀಕ್ಷಿಸಲು ಮಾತ್ರ ಹೋಗಬಾರದು.

ಈ ಟಾರ್ಚಿನ ಮಿತಿಯನ್ನು ಮಾರುವವರು ಹೇಳುವುದಿಲ್ಲ. ಬಿರುಕಿನೊಳಗೆ, ಕಲ್ಲಿನಡಿಯಲ್ಲಿ, ಕಟ್ಟಿಗೆ ರಾಶಿಯ ಒಳಗೆ ಅಡಗಿದ ಚೇಳಿಗೆ ಬೆಳಕೇ ತಾಗುವುದಿಲ್ಲ. ಆಗ ತಾನೇ ಪೊರೆ ಕಳಚಿದ ಚೇಳೂ, ತಾಯಿಯ ಬೆನ್ನೇರಿ ಕುಳಿತ ಎಳೆಯ ಮರಿಗಳೂ ಸರಿಯಾಗಿ ಹೊಳೆಯುವುದಿಲ್ಲ. ಚೇಳುಗಳು ನಿಶಾಚರಿಗಳು, ಬೆಚ್ಚನೆಯ ರಾತ್ರಿಗಳಲ್ಲಿ ಹೆಚ್ಚು ಹೊರಬರುತ್ತವೆ, ಚಳಿಯಲ್ಲಿ ಬಹುಮಟ್ಟಿಗೆ ಅಡಗಿಯೇ ಇರುತ್ತವೆ. ಆದ್ದರಿಂದ ತಂಪಾದ ರಾತ್ರಿಯೊಂದರಲ್ಲಿ ಹುಡುಕಿ ಏನೂ ಕಾಣಲಿಲ್ಲವೆಂದು ಬರಿಗಾಲಿನಲ್ಲಿ ಓಡಾಡುವುದು, ಬೂಟು, ಹಾಸಿಗೆ, ಟವೆಲ್‌ಗಳನ್ನು ಕೊಡವದೆ ಬಳಸುವುದು ಅಪಾಯವೇ. ಇನ್ನು ಟಾರ್ಚಿನ ಕಿರಣವನ್ನು ಯಾರ ಕಣ್ಣಿಗೂ ಬಿಡಬಾರದು. ಕಣ್ಣಿಗೆ ಮಂದವೆಂದು ತೋರುವ 365ರ ವಿಷಯದಲ್ಲಿ ಈ ಎಚ್ಚರಿಕೆ ಇನ್ನೂ ಮುಖ್ಯ, ಮಕ್ಕಳ ಕೈಗಂತೂ ಕೊಡಲೇಬಾರದು.

ನನಗೆ ತೀರಾ ಬೇಸರ ತಂದದ್ದು ಟಾರ್ಚಿನ ಜೊತೆ ಬಂದ ಸೂಚನಾಪತ್ರ. ಚೇಳು ಕುಟುಕಿದರೆ ಗಾಯದ ಮೇಲ್ಭಾಗದಲ್ಲಿ ಬಿಗಿಯಾಗಿ ಕಟ್ಟಬೇಕೆಂದು ಅದರಲ್ಲಿ ಮುದ್ರಿಸಲಾಗಿದೆ. ಇದು ತಪ್ಪು ಸಲಹೆ. ಬಿಗಿಯಾಗಿ ಕಟ್ಟಬಾರದು, ಗಾಯವನ್ನು ಕೊಯ್ಯಬಾರದು, ಬಾಯಿಯಿಂದ ವಿಷ ಹೀರಬಾರದು. ಕುಟುಕಿದ ಜಾಗವನ್ನು ಸೋಪು ನೀರಿನಿಂದ ತೊಳೆದು, ಬಾವು ಬರುವ ಮೊದಲೇ ಉಂಗುರ, ಬಳೆಗಳನ್ನು ತೆಗೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಸುಮಾರು ಹತ್ತು ನಿಮಿಷ ಇಟ್ಟು ತೆಗೆದು ಮತ್ತೆ ಇಡುತ್ತಾ, ಕೈಕಾಲನ್ನು ಅಲುಗಾಡಿಸದೆ ಇರಿಸಬೇಕು. ಮದ್ಯವನ್ನಾಗಲಿ ನಿದ್ದೆ ಬರಿಸುವ ಔಷಧವನ್ನಾಗಲಿ ಕೊಡಬಾರದು.

ಜಗತ್ತಿನಲ್ಲಿರುವ ಎರಡು ಸಾವಿರಕ್ಕೂ ಹೆಚ್ಚು ಜಾತಿಯ ಚೇಳುಗಳಲ್ಲಿ ಮನುಷ್ಯನ ಪ್ರಾಣಕ್ಕೆ ಅಪಾಯ ತರಬಲ್ಲವು ಕೆಲವೇ ಆದರೂ, ಕುಟುಕಿದ್ದು ಅಂಥದ್ದೋ ಅಲ್ಲವೋ ಎಂಬುದನ್ನು ಟಾರ್ಚಿನ ಹೊಳಪು ಹೇಳಲಾರದು. ನೋವು ಆ ಜಾಗದಲ್ಲಷ್ಟೇ ಉಳಿಯದೆ ಮೈಯೆಲ್ಲ ಬೆವರುವುದು, ವಾಂತಿ, ಜೊಲ್ಲು ಸುರಿಯುವುದು, ಕೈಕಾಲು ತಣ್ಣಗಾಗುವುದು, ಸ್ನಾಯುಗಳ ಅದುರುವಿಕೆ, ಎದೆಬಡಿತದ ಏರುಪೇರು, ಉಸಿರಾಟದ ತೊಂದರೆ, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮಕ್ಕಳನ್ನು ಕುಟುಕಿದರೆ ಈ ಲಕ್ಷಣಗಳಿಗಾಗಿ ಕಾಯುವುದೇ ಬೇಡ, ಏಕೆಂದರೆ ಚಿಕ್ಕ ದೇಹದಲ್ಲಿ ಅಷ್ಟೇ ವಿಷ ಹೆಚ್ಚು ಹಾನಿ ಮಾಡುತ್ತದೆ. ಕೆಂಪು ಚೇಳಿನ ಕಡಿತಕ್ಕೆ ಪ್ರಾಜೋಸಿನ್ ಎಂಬ ಮಾತ್ರೆಯನ್ನು ಬಳಸಿ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅವರು ತೋರಿಸಿಕೊಟ್ಟ ಚಿಕಿತ್ಸೆಯಿಂದ ಸಾವುಗಳು ಬಹಳವಾಗಿ ತಗ್ಗಿವೆ, ಆದರೆ ಅದು ವೈದ್ಯರ ನಿಗಾದಲ್ಲಿ ಬೇಗನೆ ಸಿಕ್ಕಾಗಲೇ ಫಲಕಾರಿ. ಚೇಳನ್ನು ಹಿಡಿದು ತರುವ ಸಾಹಸ ಬೇಡ. ಸಾಧ್ಯವಾದರೆ ದೂರದಿಂದ ಒಂದು ಫೋಟೊ ಸಾಕು.

ಟಾರ್ಚಿನ ಬೆಳಕಿಗೆ ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ, ಸೂಚನಾಪತ್ರಕ್ಕೆ ಸೊನ್ನೆ. ಚಾರ್ಜ್ ಕಡಿಮೆಯಾಗುತ್ತಾ ಬಂದಂತೆ ಬೆಳಕು ಸದ್ದಿಲ್ಲದೆ ಮಂಕಾಗಿ ಚೇಳು ಕಣ್ತಪ್ಪುವ ಸಾಧ್ಯತೆ ಇರುವುದರಿಂದ, ಬ್ಯಾಟರಿಯ ಮಟ್ಟ ತೋರಿಸುವ ದೀಪವಿರುವ ಮಾದರಿಯನ್ನೇ ಆರಿಸಿಕೊಳ್ಳಿ.