ಒಂದು ಹಟಮಾರಿ ಫೈಲಿನ ಹಿಂದೆ ಬಿದ್ದು ಅಪ್ಪನ ಷಷ್ಟ್ಯಬ್ದಿಯ ಫೋಟೊ ಕಳೆದುಕೊಂಡೆ

ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆ ಬೇಡದ್ದನ್ನೆಲ್ಲ ತೆಗೆಯಲು ಕೂತಿದ್ದೆ. ಅಪ್ಪನ ಷಷ್ಟ್ಯಬ್ದಿಯ ಫೋಲ್ಡರಿನಲ್ಲಿ 4 ಜಿಬಿಯ ಒಂದು ವಿಡಿಯೊ ಇತ್ತು. ಕಾಪಿ ಆಗುವಾಗಲೇ ಅರ್ಧಕ್ಕೆ ಕೆಟ್ಟಿದ್ದು, ಪ್ಲೇ ಆಗುತ್ತಿರಲಿಲ್ಲ. ಡಿಲೀಟ್ ಒತ್ತಿದರೆ, ಈ ಫೈಲು 'ಕಾಮ್ ಸರೊಗೇಟ್'ನಲ್ಲಿ ತೆರೆದಿದೆ, ಅಳಿಸಲು ಆಗುವುದಿಲ್ಲ ಅಂತ ವಿಂಡೋಸ್ ಹೇಳಿತು. ಆ ಹೆಸರೇ ಕೇಳಿರಲಿಲ್ಲ. ವೈರಸ್ಸೇ ಇರಬೇಕು ಅಂದುಕೊಂಡೆ. ಎರಡು ಸಲ ರಿಸ್ಟಾರ್ಟ್ ಮಾಡಿದೆ. ಫೋಲ್ಡರ್ ತೆರೆದು ಫೈಲಿನ ಮೇಲೆ ಕ್ಲಿಕ್ ಮಾಡಿದರೆ ಮತ್ತೆ ಅದೇ ರಾಗ.

ರಾತ್ರಿ ಹನ್ನೊಂದಾಗಿತ್ತು, ತಲೆ ಕೆಟ್ಟಿತ್ತು. ಎಂಥ ಫೈಲನ್ನಾದರೂ ಬಲವಂತವಾಗಿ ಅಳಿಸುತ್ತದೆ ಎನ್ನುವ ಪುಕ್ಕಟೆ ಸಾಫ್ಟ್‌ವೇರ್ ಒಂದನ್ನು ಇಳಿಸಿಕೊಂಡೆ. ಆ ಪುಟದಲ್ಲಿ ಮೂರು ಡೌನ್‌ಲೋಡ್ ಬಟನ್ ಇದ್ದವು. ಅಲ್ಲೇ ಅನುಮಾನ ಬರಬೇಕಿತ್ತು, ಅಲ್ವಾ? ನಾನು ನೆಕ್ಸ್ಟ್ ನೆಕ್ಸ್ಟ್ ಒತ್ತುತ್ತಾ ಹೋದೆ. ಅಡ್ಮಿನ್ ಅನುಮತಿ ಕೇಳಿತು, ಅದನ್ನೂ ಕೊಟ್ಟೆ. ಎಡಗಡೆ ಫೋಲ್ಡರುಗಳು, ಬಲಗಡೆ ಫೈಲುಗಳು. ಟಿಕ್ ಬಿದ್ದಿದ್ದು ಫೈಲಿಗಲ್ಲ, ಇಡೀ ಫೋಲ್ಡರಿಗೆ. 'ಖಂಡಿತವಾಗಿಯೂ ಅಳಿಸಬೇಕೇ' ಎಂಬ ಸಾಲನ್ನು ಓದದೆ ಎಸ್ ಅಂದೆ. ಎರಡೇ ಸೆಕೆಂಡು.

ರಿಸೈಕಲ್ ಬಿನ್ ನೋಡಿದರೆ ಖಾಲಿ. ಇಂಥ ಸಾಫ್ಟ್‌ವೇರ್ ಅಳಿಸಿದ್ದು ಅಲ್ಲಿಗೆ ಹೋಗದೆ ನೇರವಾಗಿ ಮಾಯವಾಗುತ್ತದೆ. ಮರುದಿನ ರಿಪೇರಿ ಅಂಗಡಿಗೆ ಓಡಿದೆ. "ಹಳೇ ಹಾರ್ಡ್‌ಡಿಸ್ಕ್ ಆಗಿದ್ರೆ ಪ್ರಯತ್ನ ಮಾಡ್ಬಹುದಿತ್ತು, ಇದು ಎಸ್‌ಎಸ್‌ಡಿ" ಅಂದರು. ಎಸ್‌ಎಸ್‌ಡಿ ಅಂದರೆ ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಫೈಲು ಇಡುವ ಡಿಸ್ಕ್. ಅದರಲ್ಲಿ ಫೈಲು ಅಳಿಸಿದ ಮೇಲೆ 'ಟ್ರಿಮ್' ಎನ್ನುವ ವ್ಯವಸ್ಥೆ ಆ ಜಾಗವನ್ನು ತಾನಾಗಿಯೇ ತೆರವು ಮಾಡಿಬಿಡುತ್ತದೆ. ರಿಕವರಿ ಸಾಫ್ಟ್‌ವೇರಿಗೆ ಹುಡುಕಲು ಸಾಮಾನ್ಯವಾಗಿ ಏನೂ ಉಳಿದಿರುವುದಿಲ್ಲ. ಫೋಟೊಗ್ರಾಫರ್ ಕೊಟ್ಟಿದ್ದ ಪೆನ್‌ಡ್ರೈವನ್ನು ನಾನೇ ಫಾರ್ಮ್ಯಾಟ್ ಮಾಡಿ ಕಾರಿನಲ್ಲಿ ಹಾಡು ಕೇಳಲು ಇಟ್ಟುಕೊಂಡಿದ್ದೆ.

ಆಮೇಲೆ ಅಕ್ಕನ ಮಗ ನೋಡಿ ನಕ್ಕ. ಕಾಮ್ ಸರೊಗೇಟ್ ವೈರಸ್ ಅಲ್ಲವಂತೆ. ಫೋಟೊ, ವಿಡಿಯೊಗಳ ಪುಟ್ಟ ಚಿತ್ರ ತೋರಿಸಲು ವಿಂಡೋಸೇ ಬಳಸುವ ಪ್ರೋಗ್ರಾಮ್ ಅದು. ನನ್ನ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ, ಕ್ಲಿಕ್ ಮಾಡಿದ ಫೈಲನ್ನು ಪಕ್ಕದಲ್ಲೇ ತೋರಿಸುವ ಪ್ರಿವ್ಯೂ ಪೇನ್ ತೆರೆದೇ ಇತ್ತು. ಪ್ರತಿ ಸಲ ಕ್ಲಿಕ್ ಮಾಡಿದಾಗಲೂ ಪ್ರಿವ್ಯೂಗಾಗಿ ಫೈಲನ್ನು ತೆರೆದು ಹಿಡಿದುಕೊಳ್ಳುತ್ತಿದ್ದದ್ದು ಆ ಕಾಮ್ ಸರೊಗೇಟೇ. ಆಲ್ಟ್ ಜೊತೆ ಪಿ ಒತ್ತಿ ಪ್ರಿವ್ಯೂ ಮುಚ್ಚಿದ್ದರೆ ಮುಗಿಯುತ್ತಿತ್ತು.

ನಿಮಗೂ ಹೀಗಾದರೆ ಮೊದಲು ಅದನ್ನೇ ಮಾಡಿ. ಆಗಲೂ ಜಗ್ಗದಿದ್ದರೆ ವಿಂಡೋಸಿನಲ್ಲೇ ಇರುವ ರಿಸೋರ್ಸ್ ಮಾನಿಟರ್ ತೆರೆದು, ಸಿಪಿಯು ಟ್ಯಾಬಿನ 'ಅಸೋಸಿಯೇಟೆಡ್ ಹ್ಯಾಂಡಲ್ಸ್'ನಲ್ಲಿ ಫೈಲಿನ ಹೆಸರು ಹುಡುಕಿ. ಯಾರು ಹಿಡಿದಿದ್ದಾರೆ ಅಂತ ತೋರಿಸುತ್ತದೆ. ಮೈಕ್ರೋಸಾಫ್ಟ್‌ನದೇ ಪವರ್‌ಟಾಯ್ಸ್ ಎನ್ನುವ ಸಾಫ್ಟ್‌ವೇರ್ ಕಟ್ಟಿನಲ್ಲಿ 'ಫೈಲ್ ಲಾಕ್‌ಸ್ಮಿತ್' ಇದೆ, ಅದೂ ಇದೇ ಕೆಲಸಕ್ಕೆ. ಬೇಕಾದ ಫೋಟೊಗಳಿಗೆ ಮುಂಚೆಯೇ ಇನ್ನೊಂದು ಕಡೆ ಕಾಪಿ ಇರಲಿ.

ಆ ಪುಕ್ಕಟೆ ಸಾಫ್ಟ್‌ವೇರ್ ಬ್ರೌಸರಿನ ಹೋಮ್ ಪೇಜನ್ನೂ ಬದಲಿಸಿತ್ತು, ಅದು ಬೇರೆ ಕಥೆ. ನೆಂಟರ ವಾಟ್ಸಾಪ್‌ಗಳಿಂದ 43 ಫೋಟೊ ಒಟ್ಟು ಮಾಡಿದ್ದೇನೆ. ಒಂದಕ್ಕೆ ಕಟ್ಟು ಹಾಕಿಸು ಅಂತ ಅಮ್ಮ ಕೇಳುತ್ತಿದ್ದಾರೆ. ದೊಡ್ಡದು ಮಾಡಿದರೆ ಯಾರ ಮುಖವೂ ನೆಟ್ಟಗೆ ಕಾಣುವುದಿಲ್ಲ.