ಹೊಟ್ಟೆ ನುಲಿತದ ಮಾತ್ರೆ ದಿನಾ ತಗೊಳ್ತೀರಾ? ಸ್ಟ್ರಿಪ್ ತಿರುಗಿಸಿ ಓದಿ

ಮನೆಯಲ್ಲಿ ವಯಸ್ಸಾದವರು ಹೊಟ್ಟೆ ನುಲಿತ, ಗ್ಯಾಸ್ ಅಂತ ದಿನಾ ಮಾತ್ರೆ ನುಂಗುತ್ತಿದ್ದರೆ ಇವತ್ತೇ ಆ ಸ್ಟ್ರಿಪ್ಪಿನ ಹಿಂಭಾಗ ಓದಿ. ಕ್ಲೋರ್‌ಡಯಾಜೆಪಾಕ್ಸೈಡ್, ಕ್ಲಿಡಿನಿಯಂ, ಡೈಸೈಕ್ಲೋಮಿನ್ ಅಂತ ಇದ್ದರೆ ಅದು ಬರೀ ಗ್ಯಾಸ್ ಮಾತ್ರೆ ಅಲ್ಲ.

ನಮ್ಮ ಅಪ್ಪನಿಗೆ ಎಪ್ಪತ್ತು ದಾಟಿದೆ. ಉಂಡ ಕೂಡಲೇ ಹೊಟ್ಟೆ ಹಿಂಡುತ್ತಿತ್ತು, ಐಬಿಎಸ್, ಅಂದರೆ ಕರುಳು ಬೇಗ ಕೆರಳುವ ತೊಂದರೆ ಅಂದರು. ಡಾಕ್ಟರ್ ಸ್ವಲ್ಪ ದಿನಕ್ಕೆ ಅಂತ ಈ ಮೂರೂ ಸೇರಿರುವ ಮಾತ್ರೆ ಬರೆದುಕೊಟ್ಟರು. ನೋವು ನಿಂತಿತು, ನಿದ್ದೆಯೂ ಚೆನ್ನಾಗಿ ಬಂತು, ಅಪ್ಪ ಬಿಡಲೇ ಇಲ್ಲ. ಮೆಡಿಕಲ್ ಶಾಪಿನಲ್ಲಿ ಖಾಲಿ ಸ್ಟ್ರಿಪ್ ತೋರಿಸಿದರೆ ಸಾಕು, ಹೊಸದು ಕೊಡುತ್ತಿದ್ದರು. ಚೀಟಿ ಕೇಳಿದವರೇ ಇಲ್ಲ. ಕ್ಲೋರ್‌ಡಯಾಜೆಪಾಕ್ಸೈಡ್ 2014ರಿಂದ ಶೆಡ್ಯೂಲ್ ಎಚ್ 1 ಪಟ್ಟಿಯಲ್ಲಿದೆ, ಅಂದರೆ ಚೀಟಿ ನೋಡಿ, ರೋಗಿಯ ಹೆಸರು, ಡಾಕ್ಟರ ಹೆಸರು ಬೇರೆ ಪುಸ್ತಕದಲ್ಲಿ ಬರೆದಿಟ್ಟುಕೊಂಡೇ ಕೊಡಬೇಕು.

ಆಮೇಲೆ ಒಂದೊಂದೇ ಶುರುವಾಯಿತು. ಬಾಯಿ ಒಣಗುವುದು, ಮಧ್ಯಾಹ್ನವೆಲ್ಲ ತೂಕಡಿಕೆ, ಮಲಬದ್ಧತೆ. ವಯಸ್ಸಾಯಿತಲ್ವಾ ಅಂತ ಎಲ್ಲರೂ ಸುಮ್ಮನಾದರು. ಒಂದು ರಾತ್ರಿ ಮೂತ್ರ ಪೂರ್ತಿ ಕಟ್ಟಿಕೊಂಡಿತು. ಹೊಕ್ಕಳಿನ ಕೆಳಗೆ ಕಲ್ಲಿನ ಹಾಗೆ ಗಟ್ಟಿಯಾಗಿ ಉಬ್ಬಿತ್ತು, ಕೈ ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಟ್ಯೂಬ್ ಹಾಕಿ ಮೂತ್ರ ತೆಗೆದ ಮೇಲೆ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಯಾವ ಯಾವ ಮಾತ್ರೆ ತಗೊಳ್ತಾರೆ ಅಂತ.

ಕ್ಲಿಡಿನಿಯಂ, ಡೈಸೈಕ್ಲೋಮಿನ್ ಎರಡೂ ಕರುಳಿನ ಸ್ನಾಯು ಸಡಿಲ ಮಾಡುತ್ತವೆ, ಅದಕ್ಕೇ ನೋವು ಹೋಗುತ್ತದೆ. ಆದರೆ ಅವು ಕರುಳಿಗೇ ನಿಲ್ಲುವುದಿಲ್ಲ. ಮೂತ್ರಕೋಶವೂ ಸಡಿಲವಾಗಿ ಮೂತ್ರ ತಳ್ಳುವ ಶಕ್ತಿ ಕಡಿಮೆಯಾಗುತ್ತದೆ, ಅಪ್ಪನಿಗೆ ಮೊದಲೇ ಮೂತ್ರನಾಳದ ಸುತ್ತ ಇರುವ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರದ ದಾರಿ ಒತ್ತುತ್ತಿತ್ತು. ಗ್ಲಾಕೋಮಾ (ಕಣ್ಣಿನ ನರ ಕೆಡಿಸುವ ಕಾಯಿಲೆ) ಇರುವವರಿಗೆ ಕಣ್ಣಿನ ಒತ್ತಡ ಏರಬಹುದು, ವಯಸ್ಸಾದವರಿಗೆ ಬುದ್ಧಿ ಮಂಕಾಗಿ ಗೊಂದಲವೂ ಆಗಬಹುದು. ಮಾತ್ರೆ ಬರೆಯುವ ಮುಂಚೆ ಇವೆಲ್ಲ ಡಾಕ್ಟರಿಗೆ ಗೊತ್ತಿರಲೇಬೇಕು, ಅವರು ಕೇಳದಿದ್ದರೂ ನೀವೇ ಹೇಳಿ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಈ ಬರಹ ಓದಿ ಗಾಬರಿಯಾಗಿ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಬೇಡಿ. ಕ್ಲೋರ್‌ಡಯಾಜೆಪಾಕ್ಸೈಡ್ ಡಯಾಜೆಪಾಂ, ಆಲ್ಪ್ರಜೋಲಾಂಗಳ ಜಾತಿಯದ್ದು, ಮಿದುಳನ್ನು ಶಾಂತ ಮಾಡುವ ಔಷಧ, ಬಹಳ ದಿನ ತಗೊಂಡರೆ ದೇಹ ಅದಕ್ಕೆ ಒಗ್ಗಿಹೋಗುತ್ತದೆ. ಥಟ್ಟನೆ ಬಿಟ್ಟರೆ ನಿದ್ದೆ ಹಾರಿಹೋಗುವುದು, ಕೈ ನಡುಕ, ಬೆವರು, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಅಪ್ಪನಿಗೆ ಮೂತ್ರದ ತೊಂದರೆ ಇದ್ದದ್ದರಿಂದ ಡಾಕ್ಟರು ಈ ಮಾತ್ರೆ ನಿಲ್ಲಿಸಿದರು, ಆದರೆ ಕ್ಲೋರ್‌ಡಯಾಜೆಪಾಕ್ಸೈಡ್ ಅಂಶವನ್ನು ಮಾತ್ರ ಬೇರೆಯಾಗಿ ಕೊಟ್ಟು, ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸುತ್ತಾ ಬಿಡಿಸಿದರು. ಅದನ್ನು ಡಾಕ್ಟರೇ ಮಾಡಬೇಕು, ಮನೆಯಲ್ಲಿ ಲೆಕ್ಕ ಹಾಕಿಕೊಂಡು ಮಾಡುವಂಥದ್ದಲ್ಲ.

ಇದರ ಜೊತೆ ಕುಡಿತ ಬೇಡವೇ ಬೇಡ. ಮಂಡಿ ನೋವಿಗೆ ಟ್ರಮಡಾಲ್ ತಗೊಳ್ಳುವವರು ಹಿರಿಯರಲ್ಲಿ ಜಾಸ್ತಿ ಇದ್ದಾರೆ, ಅದೂ ಈ ಮಾತ್ರೆಯೂ ಸೇರಿದರೆ ಉಸಿರಾಟವೇ ನಿಧಾನವಾಗಬಹುದು. ಮೂತ್ರ ಕಟ್ಟಿಕೊಂಡರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಕವರಿಗೆ ತುಂಬಿಕೊಂಡು ಆಗಲೇ ಆಸ್ಪತ್ರೆಗೆ ಹೊರಡಿ.